ಕನಸುಗಾರ ಎಂಬ ಹಣೆಪಟ್ಟಿ

ಸೆಪ್ಟೆಂಬರ್ 30 ಬಂತೆಂದರೆ ನಮ್ಮ ಹಿರೇಬೆಂಡಿಗೇರಿಯಂಥ ಊರಲ್ಲೂ ಹೊತ್ತು ಏರುವುದರೊಳಗೆ ವಾಟ್ಸಪ್ ಸ್ಟೇಟಸ್‌ಗಳ ತುಂಬ ಶಂಕರ್‌ನಾಗ್ ನಗುತ್ತಿರುತ್ತಾರೆ. ಫೋಟೊದ ಕೆಳಗಿನ ಒಕ್ಕಣೆ ವರ್ಷವರ್ಷವೂ ಅದೇ. ಕನಸುಗಾರ. ಇನ್ನೊಂದು ಹತ್ತು ವರ್ಷ ಬದುಕಿದ್ದರೆ ಬೆಂಗಳೂರಿಗೆ ಮೆಟ್ರೊ ಯಾವಾಗಲೋ ಬಂದುಬಿಡುತ್ತಿತ್ತು, ನಂದಿಬೆಟ್ಟಕ್ಕೆ ರೋಪ್‌ವೇ ಆಗುತ್ತಿತ್ತು, ಕನ್ನಡ ಸಿನಿಮಾ ಎಲ್ಲಿಗೋ ಮುಟ್ಟುತ್ತಿತ್ತು. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿದ ಮೇಲಂತೂ ಈ ಮಾತಿಗೆ ಇನ್ನಷ್ಟು ಬಲ ಬಂತು. ಮಾಡದೆ ಉಳಿದದ್ದರ ಪಟ್ಟಿ ಹೀಗೆ ಬೆಳೆಯುತ್ತಲೇ ಇದೆ. ಮಾಡಿದ್ದರ ಪಟ್ಟಿಯನ್ನು ಕೇಳಿ ನೋಡಿ: ‘ಮಾಲ್ಗುಡಿ ಡೇಸ್’ ಎನ್ನುತ್ತಾರೆ, ‘ಗೀತಾ’ ಎನ್ನುತ್ತಾರೆ, ಆಮೇಲೆ ತಡವರಿಸಿ ‘ಆಟೋರಾಜ’ ಎನ್ನುತ್ತಾರೆ. ‘ಆಟೋರಾಜ’ದ ನಿರ್ದೇಶಕರು ವಿಜಯ್. ಶಂಕರ್‌ನಾಗ್ ಅದರಲ್ಲಿ ಬರೀ ನಟ.

ಈ ಕನಸುಗಾರನ ಕಥೆಗೆ ಬೆನ್ನು ಅಂಟಿಸಿಕೊಂಡೇ ಇನ್ನೊಂದು ಅಭಿಪ್ರಾಯ ಓಡಾಡುತ್ತದೆ. ಸಿನಿಮಾ ಬಲ್ಲವರು, ಫಿಲಂ ಸೊಸೈಟಿಗಳಲ್ಲಿ ಪಳಗಿದವರು ಸ್ವಲ್ಪ ದನಿ ತಗ್ಗಿಸಿ ಹೇಳುವ ಮಾತು ಅದು. ಮನುಷ್ಯ ದೊಡ್ಡವನು, ಅದಕ್ಕೆ ಎರಡು ಮಾತಿಲ್ಲ; ಆದರೆ ನಿರ್ದೇಶಕನಾಗಿ ಅವಸರದವನು, ಅವನದೇ ಅನ್ನುವ ಶೈಲಿಯೊಂದು ಮೂಡಲಿಲ್ಲ. ಪುಟ್ಟಣ್ಣ ಕಣಗಾಲರ ಒಂದು ಶಾಟ್ ಕಂಡರೆ ಪುಟ್ಟಣ್ಣನದೆಂದು ಹೇಳಬಹುದು, ಶಂಕರ್‌ನಾಗ್ ವಿಷಯದಲ್ಲಿ ಹಾಗೆ ಹೇಳಲಾಗದು, ಎನ್ನುತ್ತಾರೆ.

ನನಗೆ ಎರಡೂ ಒಪ್ಪಿಗೆಯಿಲ್ಲ. ಅವರು ನಿರ್ದೇಶಿಸಿದ ಚಿತ್ರಗಳನ್ನು ಬಿಡುಗಡೆಯಾದ ಕ್ರಮದಲ್ಲೇ ನೋಡುತ್ತ ಹೋದರೆ ಸ್ಟೇಟಸ್ಸಿನ ಕನಸುಗಾರ ಅಲ್ಲಿ ಸಿಗುವುದಿಲ್ಲ. ಮೇಲೇರಬೇಕು, ಮುಂದೆ ಓಡಬೇಕು, ಸಿಕ್ಕಿದ್ದನ್ನು ಬಾಚಿಕೊಳ್ಳಬೇಕು ಎಂಬ ಹಂಬಲವನ್ನು ಅಷ್ಟು ಅನುಮಾನದಿಂದ ನೋಡಿದ ಇನ್ನೊಬ್ಬ ನಿರ್ದೇಶಕ ನಮ್ಮ ಜನಪ್ರಿಯ ಸಿನಿಮಾದಲ್ಲಿ ನನಗೆ ಕಂಡಿಲ್ಲ. ಆ ಹಂಬಲಕ್ಕೆ ಎದುರಾಗಿ ಅವರು ಪ್ರತಿಸಲವೂ ನಿಲ್ಲಿಸುವುದು ಗೆಳೆತನವನ್ನು. ಶೈಲಿ ಇಲ್ಲ ಎನ್ನುವವರು ಆ ಗೆಳೆತನ ಪರದೆಯ ಮೇಲೆ ಎಲ್ಲಿ, ಹೇಗೆ ನಿಂತಿದೆ ಎಂದು ನೋಡಿಲ್ಲ.

ಮಾತು ಶುರುವಾಗಬೇಕಾದದ್ದು ಅವರು ನಿರ್ದೇಶಿಸದ ಚಿತ್ರವೊಂದರಿಂದ. 1978ರಲ್ಲಿ ಗಿರೀಶ ಕಾರ್ನಾಡರು ತೆಗೆದ ‘ಒಂದಾನೊಂದು ಕಾಲದಲ್ಲಿ’. ಶಂಕರ್‌ನಾಗ್ ಬೆಳ್ಳಿತೆರೆಯಲ್ಲಿ ಕಾಣಿಸಿಕೊಂಡದ್ದು ಅಲ್ಲಿ, ಗಂಡುಗಲಿಯಾಗಿ. 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟನೆಂಬ ಗೌರವವೂ ಬಂತು. ಈ ಚಿತ್ರದ ಮಾತೆತ್ತಿದರೆ ವಿಮರ್ಶಕರು ತಕ್ಷಣ ಕುರೊಸಾವಾ ಎನ್ನುತ್ತಾರೆ. ಸುಳ್ಳಲ್ಲ. ಹುಲ್ಲುಗಾವಲಲ್ಲಿ ಎದುರುಬದುರು ನಿಂತ ಕತ್ತಿಗಳು, ಕೂಲಿಗೆ ಕಾದುವ ಒಂಟಿ ಯೋಧ, ಗಾಳಿ, ಧೂಳು, ಇವೆಲ್ಲ ಸಮುರಾಯ್ ಚಿತ್ರಗಳನ್ನು ನೋಡಿದ ಕಣ್ಣಿನಿಂದಲೇ ಬಂದವು. ಆದರೆ ಹಾನಗಲ್ಲ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಅದನ್ನು ನೋಡಿದಾಗ ಜಪಾನು ನೆನಪಾಗುವುದಕ್ಕೆ ಮೊದಲು ವೀರಗಲ್ಲು ನೆನಪಾಗುತ್ತದೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಬಳಿ ಅವು ಸಾಲಾಗಿ ನಿಂತಿವೆ. 1196ರಲ್ಲಿ ಹೊಯ್ಸಳರ ಇಮ್ಮಡಿ ಬಲ್ಲಾಳ ಬಂದು ಆನೆಕೆರೆಯ ದಂಡೆಯಲ್ಲಿ ಬೀಡುಬಿಟ್ಟು ಊರಿಗೆ ಮುತ್ತಿಗೆ ಹಾಕಿದಾಗ ಕದಂಬರ ಕಾಮದೇವನ ಪರವಾಗಿ ಕಾದಿ ಸತ್ತವನು ದಂಡನಾಯಕ ಸೋಹಣಿ. ಕಲ್ಲು ಎದ್ದದ್ದು ಸತ್ತವನಿಗೆ, ಊರು ಉಳಿದದ್ದು ದೊರೆಗೆ.

ವೀರಗಲ್ಲಿನ ಕಟ್ಟಳೆ ಎಲ್ಲರಿಗೂ ಗೊತ್ತಿರುವುದೇ. ಕೆಳಗಿನ ಪಟ್ಟಿಕೆಯಲ್ಲಿ ಕದನ, ನಡುವೆ ಅಪ್ಸರೆಯರು ವೀರನನ್ನು ಅಕ್ಕಪಕ್ಕದಿಂದ ಎತ್ತಿಕೊಂಡು ಹೋಗುವುದು, ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುವುದು. ಕಾರ್ನಾಡರ ಚಿತ್ರ ಕೆಳಗಿನ ಪಟ್ಟಿಕೆಯನ್ನಷ್ಟೇ ತೆಗೆದುಕೊಂಡು ಮೇಲಿನ ಎರಡನ್ನೂ ಕೊಡಲು ಒಲ್ಲೆ ಎನ್ನುತ್ತದೆ. ಕಪಿಲದೇವ, ಮಾರನಾಯಕ ಇಬ್ಬರೂ ಅಣ್ಣತಮ್ಮಂದಿರು, ಭೂಮಿಗಾಗಿ ಹೊಡೆದಾಡುತ್ತಿದ್ದಾರೆ. ಒಬ್ಬನ ಕಡೆ ಗಂಡುಗಲಿ, ಇನ್ನೊಬ್ಬನ ಕಡೆ ಸುಂದರಕೃಷ್ಣ ಅರಸರ ಪೆರ್ಮಾಡಿ. ಈ ಇಬ್ಬರು ಕೂಲಿಯಾಳುಗಳಿಗೆ ಪರಸ್ಪರ ಇರುವ ಮರ್ಯಾದೆ ಆ ಇಬ್ಬರು ಒಡಹುಟ್ಟಿದವರಲ್ಲಿ ಇಲ್ಲ. ಪೆರ್ಮಾಡಿಗೆ ತನ್ನ ಒಡೆಯನಿಂದಲೇ ಅವಮಾನವಾದ ಮೇಲೆ ಶತ್ರುಗಳಿಬ್ಬರೂ ಒಂದಾಗುತ್ತಾರೆ. ಅರಸ ಮಾತನಾಡುವಾಗ ಮಾತು ಎದುರಿನವನ ಮೇಲೆ ಬೀಳುತ್ತದೆ, ಶಂಕರ್‌ನಾಗ್ ಮಾತು ತೇಲಿಹೋಗುತ್ತದೆ. ಒಬ್ಬ ನಿಂತಲ್ಲಿಂದ ಅಲುಗುವುದಿಲ್ಲ, ಇನ್ನೊಬ್ಬನಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಅವರಿಬ್ಬರ ನಡುವಿನ ಆ ಅಂತರವೇ ಚಿತ್ರದ ಜೀವ. ಒಡೆಯರ ಆಸೆಗೆ ಬಲಿಯಾಗುವವರು ತಮ್ಮತಮ್ಮೊಳಗೆ ಗೆಳೆಯರಾಗುವ ಈ ಕಥೆಯನ್ನು ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗನೊಬ್ಬ ಕುದುರೆಯ ಮೇಲೆ ಕೂತು ಮೈಗೆ ಹಚ್ಚಿಕೊಂಡ. ಮುಂದೆ ಕ್ಯಾಮೆರಾದ ಹಿಂದೆ ನಿಂತಾಗ ಅದನ್ನು ಬಿಡಲಿಲ್ಲ.

ಅವರ ನಿರ್ದೇಶನದ ಮೊದಲ ಚಿತ್ರ ‘ಮಿಂಚಿನ ಓಟ’, 1980. ಕಾರು ಕದಿಯುವವರ ಕಥೆ. ಅನಂತನಾಗ್, ಸ್ವತಃ ಶಂಕರ್, ಜೊತೆಗೆ ‘ತಾತ’ನಾಗಿ ಲೋಕನಾಥ್. ಹೊಸಬನೊಬ್ಬ ಕಾರುಗಳ್ಳರ ಮೇಲೆ ಸಿನಿಮಾ ಮಾಡುತ್ತಾನೆಂದರೆ ಏನು ನಿರೀಕ್ಷೆ? ಅಟ್ಟಾಡಿಸುವುದು, ಟೈರು ಕಿರುಚುವುದು, ಕೊನೆಗೆ ಹಣದ ಪೆಟ್ಟಿಗೆ. ಇದರಲ್ಲಿ ಓಟವೇನೋ ಇದೆ. ಆದರೆ ಮನಸ್ಸಿನಲ್ಲಿ ಉಳಿಯುವುದು ಓಡಲಾಗದ ಜಾಗ, ಜೈಲು. ಕದ್ದದ್ದೆಲ್ಲ ಕೈಬಿಟ್ಟುಹೋದ ಮೇಲೆ ಈ ಮೂವರ ಹತ್ತಿರ ಉಳಿಯುವುದು ಒಬ್ಬರಿಗೊಬ್ಬರು ಅಷ್ಟೇ. ಲೋಕನಾಥರು ಆ ಮುದುಕನನ್ನು ಎಲ್ಲೂ ಕರುಣೆಯ ಪಾತ್ರ ಮಾಡಿಲ್ಲ. ಅವನು ಗೊಣಗುತ್ತಾನೆ, ರೇಗುತ್ತಾನೆ, ಹುಡುಗರ ಬೆನ್ನಿಗೂ ನಿಲ್ಲುತ್ತಾನೆ. ನಾವು ನೋಡುತ್ತಿರುವುದು ಕಳ್ಳರನ್ನು ಎಂಬುದು ನಡುನಡುವೆ ಮರೆತೇ ಹೋಗುತ್ತದೆ, ಆಮೇಲೆ ಚಿತ್ರವೇ ಅದನ್ನು ನೆನಪಿಸುತ್ತದೆ. ರಾಜ್ಯ ಪ್ರಶಸ್ತಿಯೂ ಬಂದ ಈ ಚಿತ್ರವನ್ನು ಇವತ್ತಿನ ಹುಡುಗರು ‘ಕನ್ನಡದ ಮೊದಲ ರಿಯಲಿಸ್ಟಿಕ್ ಥ್ರಿಲ್ಲರ್’ ಎಂದೇನೋ ಹೊಗಳುತ್ತಾರೆ. ಥ್ರಿಲ್ಲರ್ ಅಂತ ನೋಡಲು ಕೂತರೆ ಅರ್ಧ ಚಿತ್ರ ಕೈತಪ್ಪುತ್ತದೆ.

‘ಗೀತಾ’ದ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. 1981ರದು. ಇಳಯರಾಜಾ ಹಾಡುಗಳು ಈಗಲೂ ನಮ್ಮ ಕಡೆ ಮದುವೆ ಬ್ಯಾಂಡಿನವರ ಬಾಯಲ್ಲಿವೆ. ಆದರೆ ನಾಯಕಿಗೆ ರೋಗ ಕಾಣಿಸಿಕೊಂಡ ಮೇಲೆ ಚಿತ್ರಕ್ಕೂ ರೋಗ ತಗಲುತ್ತದೆ. ಜನ ಅತ್ಯಂತ ಪ್ರೀತಿಸುವ ಶಂಕರ್‌ನಾಗ್ ಚಿತ್ರವೇ ಅವರ ಚಿತ್ರಗಳಲ್ಲಿ ಅತಿ ಕಡಿಮೆ ಶಂಕರ್‌ನಾಗ್ ಇರುವ ಚಿತ್ರ ಎಂಬುದು ನನ್ನ ಎಣಿಕೆ. ಇದಕ್ಕೆ ಬೈಯುವವರು ಬಹಳ ಮಂದಿ ಇರುತ್ತಾರೆ, ಬೈಯಲಿ.

ಈಗ ಶೈಲಿಯ ವಿಷಯ. ಪುಟ್ಟಣ್ಣನವರ ಜೊತೆ ಹೋಲಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ, ಹೋಲಿಸಿಯೇ ನೋಡೋಣ. 1972ರ ‘ನಾಗರಹಾವು’ ತೆಗೆದುಕೊಳ್ಳಿ. ಚಿತ್ರದುರ್ಗದ ಬಂಡೆಗಳ ನಡುವೆ ರಾಮಾಚಾರಿ ಒಬ್ಬನೇ ನಿಲ್ಲುತ್ತಾನೆ, ಕ್ಯಾಮೆರಾ ಅವನ ಮುಖಕ್ಕೆ ನುಗ್ಗುತ್ತದೆ, ಪ್ರೇಮಗೀತೆಯೊಂದನ್ನು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ ಆ ಕಾಲದ ಪ್ರೇಕ್ಷಕರು ಬಾಯಿ ಬಿಟ್ಟುಕೊಂಡು ನೋಡುವಂತೆ ಮಾಡಿದ್ದೂ ಅದರಲ್ಲೇ. ಒಬ್ಬ ವ್ಯಕ್ತಿಯ ಒಳಗನ್ನು ಹೊರಗಿನ ಕಲ್ಲು, ಮಳೆ, ಬಣ್ಣಗಳ ಮೇಲೆ ಬರೆಯುವುದು ಪುಟ್ಟಣ್ಣನವರ ಹಾದಿ. ಒಂದು ಮುಖ ಒಂದು ಇಡೀ ಪರದೆಯನ್ನು ತುಂಬಬೇಕು. ಅದು ದೊಡ್ಡ ಕಲೆ, ಅನುಮಾನವಿಲ್ಲ.

ಶಂಕರ್‌ನಾಗ್ ಬಂದದ್ದು ನಾಟಕದಿಂದ, ಮರಾಠಿ ರಂಗಭೂಮಿಯ ತಾಲೀಮುಗಳಿಂದ. ಬೆಂಗಳೂರಿಗೆ ಬಂದು ‘ಸಂಕೇತ್’ ತಂಡ ಕಟ್ಟಿದರು, ಸಿನಿಮಾದ ಗದ್ದಲದ ನಡುವೆಯೂ ನಾಟಕ ಬಿಡಲಿಲ್ಲ. ಕಾರ್ನಾಡರ ‘ನಾಗಮಂಡಲ’ವನ್ನು ರಂಗಕ್ಕೆ ತಂದರು. ನಾಟಕದವನಿಗೆ ಒಂದು ಅಭ್ಯಾಸ ಇರುತ್ತದೆ: ಒಬ್ಬ ಮಾತಾಡುವಾಗ ಉಳಿದವರು ಏನು ಮಾಡುತ್ತಿದ್ದಾರೆ ಎಂದು ನೋಡುವುದು. ಇವರ ಚಿತ್ರಗಳಲ್ಲಿ ಆ ಅಭ್ಯಾಸ ಎದ್ದು ಕಾಣುತ್ತದೆ. ಮಾತಾಡುವವನ ಪಕ್ಕದಲ್ಲಿ ಕೇಳುವವನನ್ನೂ ಉಳಿಸಿಕೊಳ್ಳುತ್ತಾರೆ. ನಗೆಯೊಂದು ಬಂದರೆ ಅದು ಮಾತಿನಿಂದಲ್ಲ, ಕೇಳಿಸಿಕೊಂಡವನ ಮುಖದಿಂದ. ರಮೇಶ್ ಭಟ್, ಅನಂತನಾಗ್ ಮೊದಲಾದ ಅವೇ ಮುಖಗಳು ಚಿತ್ರದಿಂದ ಚಿತ್ರಕ್ಕೆ ಬರುತ್ತಿದ್ದುದೂ ಬರೀ ಸಲಿಗೆಯಿಂದಲ್ಲ. ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡಲು ಬಲ್ಲ ನಟರು ಬೇಕಿತ್ತು. ಗೆಳೆತನದ ಮೇಲೆ ಸಿನಿಮಾ ಮಾಡುವವನು ಒಬ್ಬನ ಮುಖವನ್ನೇ ಪರದೆ ತುಂಬ ಹಿಡಿದರೆ ಕೆಲಸ ಕೆಟ್ಟಿತು. ಶೈಲಿ ಎಂದರೆ ಒಂದು ಶಾಟ್ ನೋಡಿ ಹೆಸರು ಹೇಳುವ ಆಟ ಎಂದುಕೊಂಡವರಿಗೆ ಇದು ಶೈಲಿಯಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

‘ಆ್ಯಕ್ಸಿಡೆಂಟ್’ಗೆ ಬರುತ್ತೇನೆ. 1985. ಹಾಡಿಲ್ಲ, ಪ್ರೇಮ ಪ್ರಕರಣವಿಲ್ಲ. ರಾಷ್ಟ್ರಪ್ರಶಸ್ತಿಯಲ್ಲಿ ಸಾಮಾಜಿಕ ಸಮಸ್ಯೆ ಕುರಿತ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಪಡೆದದ್ದು. ಅದಕ್ಕಾಗಿಯೇ ಎಲ್ಲರೂ ಅದನ್ನು ‘ಸಮಸ್ಯೆಯ ಸಿನಿಮಾ’ ಎಂಬ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದಾರೆ: ಮಾದಕ ವಸ್ತು, ಶ್ರೀಮಂತರ ಮಕ್ಕಳು, ಭ್ರಷ್ಟ ರಾಜಕಾರಣಿ, ದಿಟ್ಟ ಪತ್ರಕರ್ತ. ಕಪಾಟು ತೆರೆದು ನೋಡಿದರೆ ಒಳಗೆ ಇರುವುದು ಎರಡು ಜೋಡಿ.

ಮೊದಲ ಜೋಡಿ ಕಾರಿನಲ್ಲಿದೆ. ದೀಪಕ್ ಮತ್ತು ರಾಹುಲ್, ಗೆಳೆಯರು. ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಹತ್ತಿಸುತ್ತಾರೆ. ಆ ಕ್ಷಣದ ತನಕ ಅವರದು ಗೆಳೆತನ. ಆಮೇಲೆ ಅದು ಸಾಕ್ಷಿ ಮತ್ತು ಆರೋಪಿಯ ನಂಟು. ರಾಹುಲನಿಗೆ ಒಳಗೇ ಕೊರೆಯತೊಡಗುತ್ತದೆ, ದೀಪಕನಿಗೆ ಕೊರೆಯುತ್ತಿರುವ ಗೆಳೆಯನೇ ಅಪಾಯವಾಗಿ ಕಾಣತೊಡಗುತ್ತಾನೆ. ಇಬ್ಬರ ನಡುವೆ ಇದ್ದ ಸಲಿಗೆ ಬಿರುಕು ಬಿಡುವುದನ್ನು ಚಿತ್ರ ಕೂಗಾಡದೆ ತೋರಿಸುತ್ತದೆ. ಇನ್ನೊಂದು ಜೋಡಿ ಅಪ್ಪ-ಮಗನದು. ದೀಪಕನ ಅಪ್ಪ ಧರ್ಮಾಧಿಕಾರಿ ಚುನಾವಣೆಗೆ ನಿಂತಿದ್ದಾನೆ. ಅನಂತನಾಗ್ ಈ ಪಾತ್ರವನ್ನು ಮಾಡಿರುವ ರೀತಿ ನೋಡಬೇಕು. ಖಳನ ನಗೆಯಿಲ್ಲ, ಮೀಸೆ ತಿರುವುವುದಿಲ್ಲ. ಸಭ್ಯ, ಬಟ್ಟೆ ಬಿಳಿ, ದನಿ ಏರುವುದೇ ಇಲ್ಲ. ಮಗ ಜನರನ್ನು ಕೊಂದಿದ್ದಾನೆ ಎಂದು ತಿಳಿದಾಗ ಅವನ ತಲೆಯಲ್ಲಿ ಮೊದಲು ಬರುವುದು ಚುನಾವಣೆ. ಅದನ್ನು ಅವನು ತನಗೇ ಒಪ್ಪಿಸುವುದು ಮಗನ ಮೇಲಿನ ಪ್ರೀತಿ ಎಂಬ ಹೆಸರಿನಲ್ಲಿ. ಮಹತ್ವಾಕಾಂಕ್ಷೆಯನ್ನು ಇಷ್ಟು ಸಜ್ಜನಿಕೆಯ ಮುಖದಲ್ಲಿ ತೋರಿಸಿದ ಕನ್ನಡ ಚಿತ್ರ ಅದಕ್ಕೂ ಮುಂಚೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಫುಟ್‌ಪಾತಿನಲ್ಲಿ ಬದುಕುಳಿದವನು ಒಬ್ಬ, ರಮೇಶ್ ಭಟ್ ಮಾಡಿದ ರಾಮಣ್ಣ. ನಮ್ಮ ಕಡೆಯ ಓದುಗನಿಗೆ ಇವನನ್ನು ಪರಿಚಯಿಸುವ ಅಗತ್ಯವಿಲ್ಲ. ಹಾವೇರಿ ಜಿಲ್ಲೆಯ ಊರುಗಳಿಂದ, ತಾಂಡಾಗಳಿಂದ ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಹೋಗುವವರು ಇವತ್ತಿಗೂ ಇದ್ದಾರೆ. ರಾತ್ರಿ ಕಟ್ಟಡದ ನೆರಳಲ್ಲಿ ಸಾಲಾಗಿ ಮಲಗುತ್ತಾರೆ. ರಾಮಣ್ಣನಿಗೆ ಚಿತ್ರ ಭಾಷಣ ಕೊಡುವುದಿಲ್ಲ. ಅವನ ಪಕ್ಕದಲ್ಲಿ ಮಲಗಿದ್ದವರು ಈಗಿಲ್ಲ, ಅಷ್ಟೇ ಅವನ ದುಃಖದ ಅಳತೆ. ಪತ್ರಕರ್ತ ರವಿಯ ಪಾತ್ರವನ್ನು ಶಂಕರ್‌ನಾಗ್ ತಾವೇ ಇಟ್ಟುಕೊಂಡರು. ಆದರೆ ನಾಯಕನಟನೊಬ್ಬ ತನ್ನದೇ ಚಿತ್ರದಲ್ಲಿ ಹೆಚ್ಚು ಜಾಗವನ್ನು ಅಣ್ಣ ಅನಂತನಾಗ್‌ಗೂ ಗೆಳೆಯ ರಮೇಶ್ ಭಟ್‌ಗೂ ಬಿಟ್ಟುಕೊಟ್ಟ ಉದಾಹರಣೆ ಸ್ಟಾರುಗಳ ಕಾಲದಲ್ಲಿ ಎಷ್ಟು ಸಿಕ್ಕೀತು?

ಎಂಬತ್ತರ ದಶಕದ ಕೊನೆಗೆ ನಮ್ಮೂರುಗಳಲ್ಲಿ ಗಣಪತಿ ಹಬ್ಬಕ್ಕೆ ಟೀವಿ, ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಕ್ಯಾಸೆಟ್ ಹಚ್ಚುವ ರೂಢಿ ಇತ್ತು. ‘ಸಾಂಗ್ಲಿಯಾನ’ ಹಚ್ಚುತ್ತಿದ್ದರು, ‘ಸಿಬಿಐ ಶಂಕರ್’ ಹಚ್ಚುತ್ತಿದ್ದರು. ಎರಡೂ ಅವರು ನಟಿಸಿದವು, ನಿರ್ದೇಶಿಸಿದವಲ್ಲ. ‘ಆ್ಯಕ್ಸಿಡೆಂಟ್’ ಯಾರೂ ತರುತ್ತಿರಲಿಲ್ಲ. ಹಾಡಿಲ್ಲದ ಸಿನಿಮಾಕ್ಕೆ ಪಟ್ಟಿ ಯಾರು ಕೊಟ್ಟಾರು?

‘ಮಾಲ್ಗುಡಿ ಡೇಸ್’ ಬಗ್ಗೆ ಎಲ್ಲರದೂ ಒಂದೇ ರಾಗ: ಬಾಲ್ಯ, ಮುಗ್ಧತೆ, ಆಗುಂಬೆಯ ಮಳೆ, ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆ ಸಂಗೀತ. ಮಾಸ್ಟರ್ ಮಂಜುನಾಥನ ಕಣ್ಣು. ಬೇಡ ಅನ್ನುವುದಿಲ್ಲ. ಆದರೆ ಆ ಹುಡುಗ ಮಾಡಿದ ಸ್ವಾಮಿಯ ಕಥೆ ಮುಗ್ಧತೆಯ ಕಥೆಯೇ? ಆರ್.ಕೆ. ನಾರಾಯಣರ 1935ರ ಕಾದಂಬರಿಯಲ್ಲಿ ಶಂಕರ್‌ನಾಗ್ ಯಾವುದನ್ನು ಹಿಡಿದರು ಎಂದು ನೋಡಬೇಕು. ಮಣಿ ಶಾಲೆಯ ದಾಂಡಿಗ. ರಾಜಂ ಪೊಲೀಸ್ ಅಧಿಕಾರಿಯ ಮಗ, ಹೊಸದಾಗಿ ಬಂದವನು, ಓದಿನಲ್ಲಿ ಮುಂದು, ಬಟ್ಟೆಯಲ್ಲೂ ಮುಂದು. ಇಬ್ಬರಿಗೂ ಆಗಿಬರುವುದಿಲ್ಲ. ನದಿಯ ದಂಡೆಯಲ್ಲಿ ಬಡಿದಾಡಿ ತೀರ್ಮಾನಿಸೋಣ ಎಂದು ಪಣ ತೊಡುತ್ತಾರೆ, ಅಲ್ಲಿಗೆ ಹೋಗಿ ಗೆಳೆಯರಾಗಿ ಹಿಂತಿರುಗುತ್ತಾರೆ. ಗಂಡುಗಲಿ-ಪೆರ್ಮಾಡಿಯರದೇ ಕಥೆ ಇದು, ಚಡ್ಡಿ ಹಾಕಿಕೊಂಡು ಬಂದಿದೆ. ಕಾದಾಡಲು ಬಂದ ಜಾಗದಲ್ಲೇ ಎದುರಾಳಿಯ ಬೆಲೆ ತಿಳಿಯುವುದು.

ಮುಂದೆ ರಾಜಂ ಕ್ರಿಕೆಟ್ ಟೀಮು ಕಟ್ಟುತ್ತಾನೆ. ಅವನೇ ಕ್ಯಾಪ್ಟನ್. ಬೇರೆ ಟೀಮಿನ ಮೇಲೆ ಮ್ಯಾಚು ಗೊತ್ತಾಗುತ್ತದೆ, ಗೆಲ್ಲಲೇಬೇಕು. ಸ್ವಾಮಿ ಬೌಲರು, ಅವನಿಗೆ ಅಭ್ಯಾಸಕ್ಕೆ ಬರಲು ಶಾಲೆ ಬಿಡುವುದಿಲ್ಲ, ಹೆಡ್‌ಮಾಸ್ತರರ ಕೈಯ ಬೆತ್ತ ಕಿತ್ತೆಸೆದು ಊರು ಬಿಟ್ಟು ಓಡುತ್ತಾನೆ, ಕಾಡುದಾರಿಯಲ್ಲಿ ತಪ್ಪಿಸಿಕೊಳ್ಳುತ್ತಾನೆ, ಮ್ಯಾಚು ತಪ್ಪುತ್ತದೆ. ಟೀಮು ಸೋಲುತ್ತದೆ. ರಾಜಂ ಮಾತು ಬಿಡುತ್ತಾನೆ. ಅವನ ದೃಷ್ಟಿಯಲ್ಲಿ ಅವನದು ನ್ಯಾಯವೇ. ಕ್ಯಾಪ್ಟನ್ ಆದವನಿಗೆ ಗೆಲುವು ಬೇಕು. ಹುಡುಗರ ಲೋಕಕ್ಕೆ ದೊಡ್ಡವರ ಹಂಬಲ ಕಾಲಿಟ್ಟಿತು, ಗೆಳೆತನ ಅದರ ಕಾಲಡಿಗೆ ಸಿಕ್ಕಿತು. ಕೊನೆಗೆ ಅಪ್ಪನಿಗೆ ವರ್ಗವಾಗಿ ರಾಜಂ ಊರು ಬಿಡುವಾಗ ಸ್ವಾಮಿ ಒಂದು ಪುಸ್ತಕ ಹಿಡಿದು ಸ್ಟೇಷನ್ನಿಗೆ ಹೋಗುತ್ತಾನೆ. ರೈಲು ಹೊರಡುತ್ತದೆ. ಗೆಳೆಯ ತನ್ನನ್ನು ಕ್ಷಮಿಸಿದನೋ ಇಲ್ಲವೋ ಅವನಿಗೆ ಖಾತ್ರಿಯಾಗುವುದಿಲ್ಲ, ನಮಗೂ ಆಗುವುದಿಲ್ಲ. ಇದನ್ನು ಮುಗ್ಧತೆ ಎಂದು ಕರೆದು ಕಣ್ಣೊರೆಸಿಕೊಳ್ಳುವುದು ಸುಲಭ. ಸ್ವಾಮಿಗೆ ಆದದ್ದು ಅನ್ಯಾಯ. ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಜನ ಅಲ್ಲಿಗೆ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಿಲ್ದಾಣ ಚೆನ್ನಾಗಿದೆ. ಆದರೆ ಕಥೆಯಲ್ಲಿ ಅಂಥದೊಂದು ನಿಲ್ದಾಣದಲ್ಲಿ ಹುಡುಗನೊಬ್ಬ ಗೆಳೆಯನನ್ನು ಕಳೆದುಕೊಂಡು ನಿಂತಿದ್ದ.

1987ರ ‘ಒಂದು ಮುತ್ತಿನ ಕಥೆ’ ಬಗ್ಗೆ ಇರುವ ತೀರ್ಪು ಎಲ್ಲಕ್ಕಿಂತ ಖಡಾಖಂಡಿತ: ಡಾ. ರಾಜ್‌ಕುಮಾರ್ ಮತ್ತು ಶಂಕರ್‌ನಾಗ್ ಜೋಡಿ ಹೊಂದಲಿಲ್ಲ, ಸೋತಿತು, ಮುಗಿಯಿತು. ಸ್ಟೈನ್‌ಬೆಕ್ಕನ ‘ದಿ ಪರ್ಲ್’ ಎಂಬ ಕಿರುಕಾದಂಬರಿ ಇದರ ಮೂಲ. ಸಮುದ್ರದಲ್ಲಿ ಮುಳುಗಿ ಮುತ್ತು ಹೆಕ್ಕುವ ಬಡವನಿಗೆ ಅಪರೂಪದ ದೊಡ್ಡ ಮುತ್ತು ಸಿಗುತ್ತದೆ. ಸಿಕ್ಕ ಕ್ಷಣದಿಂದ ಸುತ್ತಲಿನವರ ಕಣ್ಣು ಬದಲಾಗುತ್ತದೆ, ಅವನ ಕಣ್ಣೂ ಬದಲಾಗುತ್ತದೆ. ಕಾದಂಬರಿಯ ಕೊನೆಗೆ ಮುತ್ತು ಮರಳಿ ಸಮುದ್ರದ ಪಾಲಾಗುತ್ತದೆ. ರಾಜ್‌ಕುಮಾರ್ ಎಂದರೆ ‘ಬಂಗಾರದ ಮನುಷ್ಯ’. ಬರಡು ನೆಲವನ್ನು ಹಸಿರು ಮಾಡುವವನು. ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಅಂಥ ನಟನನ್ನು ಕರೆದು, ಸಿಕ್ಕ ಭಾಗ್ಯವೇ ಕುತ್ತಿಗೆಗೆ ಉರುಳಾಗುವ ಪಾತ್ರ ಕೊಡುವುದು ಹುಚ್ಚು ಧೈರ್ಯ. ಅಭಿಮಾನಿಗಳಿಗೆ ಗೆಲ್ಲುವ ಅಣ್ಣಾವ್ರು ಬೇಕಿತ್ತು. ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ, ಕಡಲತಡಿಯ ಬದುಕು ಕೆಲವು ಕಡೆ ವೇಷ ತೊಟ್ಟಂತೆ ಕಾಣುತ್ತದೆ, ಕಥೆ ಎಳೆದಂತಾಗುತ್ತದೆ. ಆದರೂ ಸೋಲಿಗೆ ಜೋಡಿ ಹೊಂದದ್ದು ಕಾರಣವಲ್ಲ. ಕನಸು ಕೈಗೂಡಿದರೆ ಏನಾಗಬಹುದು ಎಂದು ಆ ಚಿತ್ರ ಕೇಳಿತು, ಪ್ರೇಕ್ಷಕರಿಗೆ ಆ ಪ್ರಶ್ನೆ ಬೇಕಿರಲಿಲ್ಲ. ಇಂಥ ಚಿತ್ರ ಮಾಡಿದವನನ್ನೇ ಕನಸಿನ ರಾಯಭಾರಿ ಮಾಡಿ ಫೋಟೊ ಹಾಕಿಕೊಳ್ಳುತ್ತಿದ್ದೇವೆ.

ಇಲ್ಲಿಗೆ ಬಂದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: ಆ ಮನುಷ್ಯನ ಬದುಕನ್ನು ನೋಡಿ, ಅಲ್ಲಿ ಓಟವಲ್ಲದೆ ಬೇರೇನಿತ್ತು? ಸುಮಾರು ಹನ್ನೆರಡು ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರ, ನಾಟಕ ತಂಡ, ರೆಕಾರ್ಡಿಂಗ್ ಸ್ಟುಡಿಯೊ, ಕ್ಲಬ್ಬು, ಧಾರಾವಾಹಿ. ನಿಜ. ಆ 80ರಲ್ಲಿ ಅರ್ಧಕ್ಕರ್ಧ ನೋಡಲಾಗದವು ಎಂಬುದೂ ನಿಜ. ಅವಸರದ ಆಪಾದನೆ ನಟ ಶಂಕರ್‌ನಾಗ್ ಮೇಲಾದರೆ ನಾನು ತಕರಾರು ಮಾಡುವುದಿಲ್ಲ. ಸಾಲ ತೀರಿಸಲು, ನಾಟಕ ನಡೆಸಲು ಕಂಡಕಂಡದ್ದರಲ್ಲಿ ನಟಿಸುವವರ ಕಷ್ಟ ಕಂಪನಿ ನಾಟಕ ಕಂಡ ನಮ್ಮ ಸೀಮೆಗೆ ಹೊಸದೂ ಅಲ್ಲ. ಆದರೆ ಬದುಕು ಹೀಗಿತ್ತು, ಆದ್ದರಿಂದ ಚಿತ್ರವೂ ಹೀಗೇ ಇರಬೇಕು ಎಂಬ ತರ್ಕ ಎಲ್ಲಿಯದು? ಓಡುವವನಿಗೇ ಓಟದ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ಅದು ಅವರ ಚಿತ್ರಗಳಿಗೆ ಗೊತ್ತಿತ್ತು, ಅವರ ಡೈರಿಗೆ ಗೊತ್ತಿತ್ತೋ ಇಲ್ಲವೋ ಅದು ವಿಮರ್ಶಕನ ಕೆಲಸವಲ್ಲ.

ಅವರು ತೀರಿಕೊಂಡ 1990ರ ಸೆಪ್ಟೆಂಬರ್ 30ರ ಬೆಳಗನ್ನು ಹಿಡಿದು ‘ಆ್ಯಕ್ಸಿಡೆಂಟ್’ ಚಿತ್ರವನ್ನು ಶಕುನವೆಂಬಂತೆ ಓದುವವರಿದ್ದಾರೆ. ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಲೋಕಾಪುರಕ್ಕೆ ಹೊರಟಿದ್ದರು, ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತವಾಯಿತು. ಮುಂದಕ್ಕೆ ಬಂದಿದ್ದರೆ ರಾಣೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾಂವಿ ಎಂದು ನಮ್ಮ ತಾಲೂಕಿನ ಮೇಲೆಯೇ ಹಾದುಹೋಗುವ ಹೆದ್ದಾರಿ ಅದು. ಇಲ್ಲಿಯ ಹಳಬರಿಗೆ ಆ ಸಾವು ಇನ್ನೂ ಪಕ್ಕದೂರಿನ ಸಾವಿನಂತೆ ಇರುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ಶಕುನದ ಮಾತು ಅವರಿಗೆ ಮಾಡುವ ಉಪಕಾರವಲ್ಲ. ಆ ಚಿತ್ರದ ಅಪಘಾತದಲ್ಲಿ ಸಾಯುವವರು ಕಾರಿನೊಳಗಿದ್ದ ಪ್ರಸಿದ್ಧರಲ್ಲ, ಫುಟ್‌ಪಾತಿನ ಮೇಲಿನ ಹೆಸರಿಲ್ಲದವರು. ಚಿತ್ರವನ್ನು ಅವರಿಂದ ಕಿತ್ತುಕೊಂಡು ನಿರ್ದೇಶಕನ ಜಾತಕ ಮಾಡಿಬಿಟ್ಟರೆ ಅವರು ಎರಡನೇ ಸಲ ಸತ್ತಂತೆ.

ಈಗಿನ ಕನ್ನಡ ಸಿನಿಮಾದಲ್ಲಿ ಹಂಬಲ ಸ್ಲೋ ಮೋಷನ್‌ನಲ್ಲಿ ನಡೆದು ಬರುತ್ತದೆ. 2018ರಲ್ಲಿ ಮೊದಲ ‘ಕೆಜಿಎಫ್’, 2022ರಲ್ಲಿ ಎರಡನೆಯದು. ತಾಯಿಗೆ ಕೊಟ್ಟ ಮಾತು ಉಳಿಸಲು ಮಗ ಲೋಕವನ್ನೇ ಗೆಲ್ಲುತ್ತಾನೆ. ಅವನ ಸುತ್ತ ಅನುಯಾಯಿಗಳಿದ್ದಾರೆ, ಶತ್ರುಗಳಿದ್ದಾರೆ. ಅವನ ಮುಖ ನೋಡಿ ನಗಬಲ್ಲ ಒಬ್ಬ ಗೆಳೆಯನಿಲ್ಲ. ಪ್ರಶಾಂತ್ ನೀಲ್ ಅವರ ಕಸುಬಿನ ಬಗ್ಗೆ ಅಗೌರವವಿಲ್ಲ, ಆ ಮಸಿಬಣ್ಣದ ಲೋಕವನ್ನು ಕಟ್ಟಿದ ರೀತಿ ಸಾಮಾನ್ಯವಲ್ಲ. ಆದರೆ ಅಲ್ಲಿ ಎರಡನೆಯವನಿಗೆ ನಿಲ್ಲಲು ಜಾಗವೇ ಇಲ್ಲ. ಶಂಕರ್‌ನಾಗ್ ಹಾದಿ ಮುಂದುವರಿದದ್ದು ಬೇರೆ ಕಡೆ, ಮಂಗಳಾದೇವಿಯ ಬೀದಿಗಳಲ್ಲಿ. ರಾಜ್ ಬಿ. ಶೆಟ್ಟರ 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಹರಿ ಮೇಲೇರುತ್ತಾನೆ, ಶಿವ ಅವನ ಬೆನ್ನಿಗೆ ನಿಂತು ಕೊಲ್ಲುತ್ತಾನೆ, ಒಂದು ದಿನ ಹರಿಗೆ ಶಿವನೇ ಹೊರೆಯಾಗುತ್ತಾನೆ. ದೀಪಕ್-ರಾಹುಲರ ಕಾರಿನ ಕಥೆಯೇ, ಹೆಚ್ಚು ರಕ್ತದಲ್ಲಿ. ಈ ಚಿತ್ರ ಬಂದಾಗಲೂ ವಿಮರ್ಶಕರು ಪರದೇಶದ ಹೆಸರುಗಳನ್ನೇ ಹುಡುಕಿದರು. ಇಲ್ಲೇ, 1985ರಲ್ಲಿ, ಮಗ್ಗುಲಲ್ಲೇ ಇದ್ದದ್ದು ಯಾರಿಗೂ ಹೊಳೆಯಲಿಲ್ಲ.

ಈ ವಾದವನ್ನೆಲ್ಲ ಒಮ್ಮೆ ಶಿಗ್ಗಾಂವಿಯ ಆಟೋದವನೊಬ್ಬನ ಮುಂದೆ ಒಪ್ಪಿಸಿದೆ. ಅವನ ಗಾಡಿಯ ಹಿಂದಿನ ಗಾಜಿನ ಮೇಲೆ ಶಂಕರ್‌ನಾಗ್ ಇದ್ದರು. ‘ಆ್ಯಕ್ಸಿಡೆಂಟ್’ ನೋಡಿದ್ದೀಯೇನಪ್ಪಾ ಎಂದೆ.

“ಇಲ್ರಿ ಸರ. ನಾ ಹುಟ್ಟೂದ್ರಾಗ ಅಂವ ಹೋಗಿದ್ದ.”

“ಮತ್ತ ಫೋಟೊ ಯಾಕ ಹಚ್ಚೀದಿ?”

“ಖಾಕಿ ಅಂಗಿ ಹಾಕ್ಕೊಂಡು ಹೀರೊ ಆದಾಂವ ಅಂವ ಒಬ್ಬನ ರೀ. ನಮ್ಮ ಅಂಗಿ ಅದು. ನೀವು ಹೇಳೂ ಮೆಟ್ರೊ ಬಂದ್ರ ನಮ್ಮ ಧಂದೆ ಏನಾಗ್ತದ, ಅದನ್ನ ಯಾರೂ ಕೇಳಂಗಿಲ್ಲ.”

ಕನಸುಗಾರ ಎಂಬ ಪದವನ್ನು ಅವನು ಬಳಸಲೇ ಇಲ್ಲ. ಮೆಟ್ರೊ, ರೋಪ್‌ವೇ ಅವನಿಗೆ ಬೇಕಿಲ್ಲ. ಅವನಿಗೆ ಬೇಕಾದದ್ದು ತನ್ನ ಪಕ್ಕದಲ್ಲಿ ತನ್ನದೇ ಅಂಗಿ ತೊಟ್ಟು ನಿಂತ ಒಬ್ಬ. ‘ಆಟೋರಾಜ’ ನಿರ್ದೇಶಿಸಿದ್ದು ಅವರಲ್ಲ ಎಂಬ ನನ್ನ ತಕರಾರು ಅವನ ಮುಂದೆ ಸ್ವಲ್ಪ ಸಣ್ಣದಾಯಿತು. ತಕರಾರು ಬಿಟ್ಟಿಲ್ಲ, ಮುಂದಿನ ಗಣಪತಿಗೆ ಅವನ ಸ್ಟ್ಯಾಂಡಿನವರು ಪರದೆ ಕಟ್ಟುತ್ತಾರಂತೆ, ‘ಮಿಂಚಿನ ಓಟ’ ಹಚ್ಚಿಸಬೇಕೆಂದು ಪಟ್ಟಿ ಕೊಡುವ ಮುಂಚೆಯೇ ಷರತ್ತು ಹಾಕಿದ್ದೇನೆ. ಹಾಡು ಎಷ್ಟಿವೆ ಎಂದು ಕೇಳಿದ್ದಾನೆ.